30 ದಿನದ ಕರಾರು, ಖಾಲಿ ಮಳಿಗೆ: ನನ್ನ ಅನುಭವ

ಸಕಲೇಶಪುರ, ಸುಳ್ಯ, ಶಿರಸಿ ಅಂತ ಬೇರೆ ಬೇರೆ ಊರಿನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಸದಸ್ಯರು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ. ‘ನಿಮ್ಮೂರಲ್ಲಿ ಆ ಖಾಲಿ ಮಳಿಗೆ ಕೆಲಸ ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ.’ ಹೇಳಿದ್ದನ್ನೇ ಹೇಳಿ ಬಾಯಿ ನೋವಾಗಿದೆ. ಒಂದು ಸಲ ಬರೆದು ಹಾಕುತ್ತೇನೆ. ಕೌನ್ಸಿಲ್, ಠರಾವು, ಹರಾಜು ಅಂದರೆ ಏನು ಅಂತ ಗೊತ್ತಿರುವವರಿಗೆ ಇದು. ಗೊತ್ತಿಲ್ಲದವರು ಪಕ್ಕದ ವಾರ್ಡಿನ ಸದಸ್ಯರನ್ನು ಕೇಳಿಕೊಳ್ಳಿ.

ನಾನು ಎರಡು ಅವಧಿ ಸದಸ್ಯನಾಗಿದ್ದವನು. ಅದಕ್ಕೂ ಮೊದಲಿನಿಂದ ಮೋಟಾರು, ಪಂಪ್‌ಸೆಟ್ಟು ರಿಪೇರಿ ಅಂಗಡಿ ಇದೆ, ಈಗಲೂ ಇದೆ. ಊರಿನ ಹೆಸರು ಮಾತ್ರ ಬೇಡ. ಕೊಡಗಿನ ಐದಾರು ಪೇಟೆಗಳಲ್ಲಿ ಒಂದು ಅಂದುಕೊಳ್ಳಿ. ಹೆಸರು ಬರೆದರೆ ನಾಳೆಯೇ ನಮ್ಮ ಬೀದಿಯ ಕಟ್ಟಡದವರು ಬಾಡಿಗೆ ಏರಿಸುತ್ತಾರೆ. ಅವರ ಬುದ್ಧಿ ನನಗೆ ಗೊತ್ತು, ಅವರಲ್ಲಿ ಇಬ್ಬರು ನನ್ನ ನೆಂಟರೇ.

ಈಗ ನಡೆಯುತ್ತಿರುವುದು ಇಷ್ಟು. ಹಳೇ ಮಾರ್ಕೆಟ್ ಮೇಲಿನ ಎರಡು ಕೋಣೆ, ಬೀದಿಯ ಏಳೆಂಟು ಖಾಲಿ ಮಳಿಗೆ, ಒಂದು ಮುಚ್ಚಿದ ಲಾಡ್ಜಿನ ಕೆಳಮಹಡಿ. ಅದರೊಳಗೆ ಮೂವತ್ತರ ಮೇಲೆ ಜನ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ. ಮಳೆ ಅಳೆಯುವ ಯಂತ್ರ ಮಾಡುವವರು, ಬ್ಯಾಗು ಹೊಲಿಯುವವರು, ಕೊಡಗು, ಸುಳ್ಯ ಕಡೆಯ ಆಡುಮಾತು ಅರೆಭಾಷೆಯಲ್ಲಿ ಕಥೆ ರೆಕಾರ್ಡ್ ಮಾಡುವವರು, ಕಾಳುಮೆಣಸು ಬಿಡಿಸುವ ಯಂತ್ರಕ್ಕೆ ಹೊಸ ಜರಡಿ ಕೂರಿಸುವವರು. ಯಾರಿಗೂ ಸರ್ಕಾರ ದುಡ್ಡು ಕೊಟ್ಟಿಲ್ಲ. ಪಾಲಿಕೆ ಇರುವ ದೊಡ್ಡ ಊರುಗಳವರು ಕೋಟಿ ಸುರಿದು ‘ಇನ್ನೋವೇಶನ್ ಹಬ್’ ಅಂತ ಬೋರ್ಡು ಹಾಕುತ್ತಾರಲ್ಲ, ಒಳಗೆ ಹೋದರೆ ಬೀನ್ ಬ್ಯಾಗು ಬಿಟ್ಟು ಏನೂ ಇರಲ್ಲ. ನಮ್ಮಲ್ಲಿ ಬೀನ್ ಬ್ಯಾಗಿಲ್ಲ, ಕೆಲಸ ಇದೆ.

ಶುರುವಿಗೆ ಎಲ್ಲರೂ ನಕ್ಕರು. ‘ಇಸ್ಪೀಟು ಕ್ಲಬ್ ಆಗುತ್ತೆ’ ಅಂದ ಒಬ್ಬ ಸದಸ್ಯರು ಈಗ ತಮ್ಮ ಮಗಳಿಗೊಂದು ಟೇಬಲ್ ಕೇಳಿಕೊಂಡು ಬಂದಿದ್ದಾರೆ. ಇನ್ನೊಬ್ಬರು ‘ಇದೆಲ್ಲಾ ಬೆಂಗಳೂರಿಗೆ ಸರಿ, ಇಲ್ಲಿ ಹುಡುಗರು ಒಂದೋ ಮಿಲಿಟರಿ, ಇಲ್ಲ ಹೋಂಸ್ಟೇ’ ಅಂದರು. ಅದು ಅರ್ಧ ನಿಜ. ಉಳಿದ ಅರ್ಧ ಮಡಿಕೇರಿ ದಸರಾ ನೋಡಿದವರಿಗೆ ಗೊತ್ತಿರಬೇಕು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಎದ್ದು ಕೂರುವ ರಾಕ್ಷಸ, ತಿರುಗುವ ತಲೆ, ಹೈಡ್ರಾಲಿಕ್‌ನಲ್ಲಿ ಏಳುವ ಗರುಡ. ಅದನ್ನು ಮಾಡುವವರಲ್ಲಿ ವೆಲ್ಡರ್, ಗ್ಯಾರೇಜ್ ಹುಡುಗ, ವೈರಿಂಗ್ ಮಾಡುವವ ಎಲ್ಲಾ ಇದ್ದಾರೆ. ತಿಂಗಳುಗಟ್ಟಲೆ ಬಾಡಿಗೆ ಶೆಡ್ಡಿನಲ್ಲಿ ಒದ್ದಾಡಿ ಮಾಡುತ್ತಾರೆ, ಮರುದಿನ ಕಬ್ಬಿಣ ಕಿಲೋ ಲೆಕ್ಕಕ್ಕೆ ಹೋಗುತ್ತದೆ. ಬುದ್ಧಿ ಇಲ್ಲದ ಜಿಲ್ಲೆ ಇದಲ್ಲ. ವರ್ಷಪೂರ್ತಿ ಕೂತು ಕೆಲಸ ಮಾಡಲು ಅಗ್ಗದ ಜಾಗ ಇಲ್ಲದ ಜಿಲ್ಲೆ.

ಈ ಜಾಗದ ವಿಷಯ ನನ್ನ ತಲೆಗೆ ಹೊಕ್ಕಿದ್ದು 2018ರ ಆಗಸ್ಟ್ ಆದಮೇಲೆ. ಭೂಕುಸಿತ, ಪ್ರವಾಹ ಮುಗಿದ ಮೇಲೆ ಪ್ರವಾಸಿಗರು ಬರುವುದು ನಿಂತಿತು. ನಮ್ಮ ಬೀದಿಯಲ್ಲಿ ಚಾಕೊಲೇಟು, ಸಾಂಬಾರ ಪದಾರ್ಥ, ವೈನ್ ಮಾರುವ ಅಂಗಡಿಗಳು ಒಂದೊಂದೇ ಶಟರ್ ಎಳೆದವು. ಚೇತರಿಸಿಕೊಳ್ಳುವ ಹೊತ್ತಿಗೆ 2020 ಬಂತು. ಮಳಿಗೆ ಖಾಲಿ, ಹುಡುಗರು ಬೆಂಗಳೂರಿನಿಂದ ವಾಪಸ್ಸು, ಕೈಯಲ್ಲಿ ಲ್ಯಾಪ್‌ಟಾಪು, ಕೂರಲು ಅಮ್ಮನ ಅಡುಗೆಮನೆ. ಎರಡನ್ನೂ ಸೇರಿಸಿದರೆ ಮುಗೀತು ಅನ್ನಿಸುತ್ತೆ, ಅಲ್ವಾ? ಸೇರಿಸಲು ನಾಲ್ಕು ವರ್ಷ ಹೋಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಹೊಸ ಕಟ್ಟಡಕ್ಕೆ ಸುಮಾರು 40 ಲಕ್ಷದ ಅಂದಾಜುಪಟ್ಟಿ. ಚಿತ್ರ ಚೆನ್ನಾಗಿತ್ತು, ಗಾಜು ಗೀಜು ಎಲ್ಲಾ ಇತ್ತು. ಫೈಲು ಮೇಲೆ ಹೋಯಿತು, ಪ್ರಶ್ನೆ ಹಾಕಿಸಿಕೊಂಡು ಕೆಳಗೆ ಬಂತು, ಮತ್ತೆ ಹೋಯಿತು. ಒಬ್ಬ ಅಧಿಕಾರಿ ವರ್ಗವಾದರು, ಬಂದವರಿಗೆ ಮೊದಲಿನಿಂದ ಹೇಳಬೇಕಾಯಿತು. ಆ ಫೈಲು ಈಗ ಎಲ್ಲಿದೆಯೋ.

ಆಮೇಲೆ ಸ್ಪರ್ಧೆ. ‘ಹೊಸ ಐಡಿಯಾ ತನ್ನಿ, ಬಹುಮಾನ ಗೆಲ್ಲಿ.’ ಶಾಮಿಯಾನ, ಹಾರ, ಶಾಲು, ಊಟ, ಮೂರು ಬಹುಮಾನ ಎಲ್ಲಾ ಸೇರಿ ಐವತ್ತು ಸಾವಿರದ ಹತ್ತಿರ ಬಂತು. ದಾನಿಗಳು ಅರ್ಧ ಕೊಟ್ಟರು, ಉಳಿದದ್ದು ನನ್ನ ಜೇಬು. ಮೊದಲ ಬಹುಮಾನ ತೆಗೆದುಕೊಂಡ ಹುಡುಗ ಮುಂದಿನ ತಿಂಗಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ. ಅವನು ಮಾಡಿದ ಕಾಫಿ ಒಣಗಿಸುವ ಪೆಟ್ಟಿಗೆ ಇನ್ನೂ ನಮ್ಮ ಅಂಗಡಿ ಹಿಂದೆ ಇದೆ, ಕೋಳಿ ಮೊಟ್ಟೆ ಇಡುತ್ತಿದೆ. ಒಂದು ದಿನದ ಬಹುಮಾನದಿಂದ ಏನೂ ಆಗಲ್ಲ. ಮುಂದಿನ ಸೋಮವಾರ ಅವನು ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದಕ್ಕೆ ಉತ್ತರ ಬೇಕು.

ಮೂರನೆಯದು ಹರಾಜು. ನಮ್ಮದೇ ವಾಣಿಜ್ಯ ಮಳಿಗೆಯಲ್ಲಿ ಎರಡನ್ನು ‘ಹೊಸ ಉದ್ಯಮಕ್ಕೆ’ ಅಂತ ಹರಾಜಿಗಿಟ್ಟೆವು. ಹರಾಜು ಅಂದಮೇಲೆ ಜಾಸ್ತಿ ಕೂಗಿದವರಿಗೆ. ಒಂದು ಮೊಬೈಲ್ ಕವರ್ ಅಂಗಡಿ, ಇನ್ನೊಂದು ಮೊಬೈಲ್ ಕವರ್ ಅಂಗಡಿಯವರ ತಮ್ಮ. ಇಲ್ಲಿ ಯಾರ ತಪ್ಪೂ ಇಲ್ಲ. ಹೊಸ ಕೆಲಸ ಮಾಡುವವನ ಹತ್ತಿರ ಮೊದಲ ವರ್ಷ ದುಡ್ಡಿರಲ್ಲ. ದುಡ್ಡಿರುವವನು ಹಳೇ ಕೆಲಸವನ್ನೇ ಮಾಡುತ್ತಾನೆ. ಹರಾಜಿನ ನಿಯಮ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಪಟ್ಟಣದಲ್ಲಿ ಹೊಸದು ಹುಟ್ಟದೇ ಇರಲು ಇದಕ್ಕಿಂತ ಗಟ್ಟಿ ಕಾರಣ ನಾನು ಕಂಡಿಲ್ಲ.

ಹಾಗಾದರೆ ಪುಕ್ಕಟೆ ಕೊಟ್ಟರೆ? ಅದನ್ನೂ ನೋಡಿದೆವು. ಒಬ್ಬರು ಹಳೇ ಗೋದಾಮನ್ನು ಧರ್ಮಕ್ಕೆ ಬಿಟ್ಟುಕೊಟ್ಟರು. ಡಿಸೆಂಬರ್ ಬರುವ ಹೊತ್ತಿಗೆ ಅದರ ತುಂಬಾ ಕಾಫಿ ಚೀಲ, ಮೆಣಸಿನ ಚೀಲ. ಕೆಲಸಕ್ಕೆ ಅಂತ ಬಂದಿದ್ದ ಹುಡುಗ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಚೀಲ ಯಾರದ್ದು ಅಂತ ಕೇಳಿದರೆ ಯಾರದ್ದೂ ಅಲ್ಲ. ಅಂದಿನಿಂದ ಪುಕ್ಕಟೆ ಅನ್ನುವ ಮಾತೇ ಇಲ್ಲ. ಒಂದು ಟೇಬಲ್ಲಿಗೆ ತಿಂಗಳಿಗೆ 400 ರೂಪಾಯಿ. ಸಣ್ಣ ಮೊತ್ತ, ಆದರೆ ಕೊಡುವವನು ಬಂದೇ ಬರುತ್ತಾನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಖಾಸಗಿ ಕಟ್ಟಡದವರು ಮಳಿಗೆ ಖಾಲಿ ಇಟ್ಟುಕೊಂಡು ಯಾಕೆ ಕೂರುತ್ತಾರೆ? ಬಾಡಿಗೆ ಬರಲಿಲ್ಲ ಅಂತಲ್ಲ. ಕಡಿಮೆ ಬಾಡಿಗೆಗೆ ಕೊಟ್ಟರೆ ಬಂದವನು ಏಳಲ್ಲ, ಕೋರ್ಟಿಗೆ ಹೋಗಬೇಕು ಅನ್ನುವ ಹೆದರಿಕೆ. 11 ತಿಂಗಳ ಕರಾರು ಮಾಡಿಕೊಂಡವರೂ ಹೆದರುತ್ತಾರೆ. ಆ ಹೆದರಿಕೆ ತೆಗೆಯದೆ ಎಷ್ಟು ಭಾಷಣ ಮಾಡಿದರೂ ಕೀಲಿ ಕೈಗೆ ಬರಲ್ಲ.

ದಾರಿ ಸಿಕ್ಕಿದ್ದು ಆಸ್ಟ್ರೇಲಿಯಾದಿಂದ. ನಗಬೇಡಿ. ಅಲ್ಲಿ ನ್ಯೂಕಾಸಲ್ ಅಂತ ಒಂದು ಊರು. 1989ರಲ್ಲಿ ಭೂಕಂಪ, 1999ರಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಂದ್. ಪೇಟೆ ಬೀದಿ ಖಾಲಿ ಖಾಲಿ. 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಅನ್ನುವವರು ಅಲ್ಲಿ ‘ರಿನ್ಯೂ ನ್ಯೂಕಾಸಲ್’ ಶುರುಮಾಡಿದರು. ಮಾಲೀಕರಿಂದ ಖಾಲಿ ಮಳಿಗೆಗಳನ್ನು ಬಾಡಿಗೆಗಲ್ಲ, 30 ದಿನದ ಪರವಾನಗಿಯ ಮೇಲೆ ಪಡೆದರು. ಮುಗಿದ ಮೇಲೆ ಮತ್ತೆ 30 ದಿನ. ದುಡ್ಡು ಕೊಡುವ ಬಾಡಿಗೆದಾರ ಸಿಕ್ಕರೆ ಇವರು ಎದ್ದು ಹೋಗಬೇಕು. ಅಷ್ಟೇ. ಕಲಾವಿದರು, ಕುಶಲಕರ್ಮಿಗಳು ಬಂದು ಕೂತರು, ಬೀದಿಗೆ ಜನ ಬಂದರು. ಕಟ್ಟಡ ಕಟ್ಟಲಿಲ್ಲ, ಕಾಗದ ಬದಲಾಯಿಸಿದರು.

ನಮ್ಮ ವಕೀಲರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ, ಕಪಾಟಿನಿಂದ ಒಂದು ಹಳೇ ಪುಸ್ತಕ ತೆಗೆದರು. 1882ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟ್, ಬೇರೆಯವರ ಜಾಗ ಬಳಸುವುದರ ಬಗ್ಗೆ ಇರುವ ಕಾನೂನು. ಅದರ ಮೊದಲ ಪುಟದಲ್ಲೇ ಇದೆ, ಈ ಕಾನೂನು ಶುರುವಿಗೆ ಜಾರಿಯಾದದ್ದು ಮದ್ರಾಸು, ಸೆಂಟ್ರಲ್ ಪ್ರಾವಿನ್ಸ್ ಮತ್ತು ಕೂರ್ಗಿನಲ್ಲಿ! ದೇಶದ ಅರ್ಧಕ್ಕೆ ಇಲ್ಲದ ಕಾನೂನು ನಮ್ಮ ಜಿಲ್ಲೆಗೆ ಮೊದಲ ದಿನದಿಂದ ಇತ್ತು. 52ನೇ ಕಲಂ ಪರವಾನಗಿ ಅಂದರೆ ಏನು ಅಂತ ಹೇಳುತ್ತದೆ. ಜಾಗ ಬಳಸಲು ಅನುಮತಿ, ಜಾಗದ ಮೇಲೆ ಹಕ್ಕಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಕೌನ್ಸಿಲ್ ಸಭೆಯಲ್ಲಿ ‘ಇದು ಆಸ್ಟ್ರೇಲಿಯಾದ್ದಲ್ಲ, ನಮ್ಮದೇ’ ಅಂತ ಪುಸ್ತಕ ಎತ್ತಿ ಹಿಡಿದೆ.

ಆದರೆ ಕಾಗದದ ಮೇಲೆ ‘ಪರವಾನಗಿ’ ಅಂತ ಬರೆದರೆ ಸಾಲದು. ಸುಪ್ರೀಂ ಕೋರ್ಟ್ 1959ರಲ್ಲೇ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿದೆ, ಹೆಸರು ನೋಡಬೇಡಿ, ಇಬ್ಬರ ಉದ್ದೇಶ ಏನು, ಜಾಗ ಯಾರ ಸ್ವಾಧೀನದಲ್ಲಿದೆ ನೋಡಿ ಅಂತ. ಪೂರ್ತಿ ಸ್ವಾಧೀನ ಬಂದವನಿಗೇ ಹೋದರೆ ಅದು ಬಾಡಿಗೆ ಅನ್ನಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಹಾಗಾಗಿ ನಮ್ಮ ಎಲ್ಲ ಮಳಿಗೆಗೂ ಎರಡು ಕೀಲಿ. ಒಂದು ಮಾಲೀಕರ ಹತ್ತಿರ, ಅವರು ಯಾವಾಗ ಬೇಕಾದರೂ ಬಂದು ತೆಗೆಯಬಹುದು. ಮೂಲೆಯಲ್ಲಿ ಅವರದೊಂದು ಕಬ್ಬಿಣದ ಬೀರು ಇದ್ದೇ ಇರುತ್ತದೆ. ಬೀರು ಖಾಲಿ ಇದ್ದರೂ ಪರವಾಗಿಲ್ಲ, ಇರಬೇಕು.

ಇನ್ನೊಂದು ಗುಂಡಿ ಅದೇ 1882ರ ಕಾನೂನಿನ 60ನೇ ಕಲಂನಲ್ಲಿದೆ. ಪರವಾನಗಿ ಪಡೆದವನು ಅದನ್ನು ನಂಬಿ ಖರ್ಚು ಮಾಡಿ ಕಾಯಂ ಸ್ವರೂಪದ ಕೆಲಸ ಮಾಡಿಸಿದರೆ, ಮಾಲೀಕರು ಸುಲಭವಾಗಿ ವಾಪಸ್ಸು ಪಡೆಯುವ ಹಾಗಿಲ್ಲ. ಆದ್ದರಿಂದ ನಮ್ಮಲ್ಲಿ ಸಿಮೆಂಟು ನಿಷೇಧ. ಗೋಡೆ ಕಟ್ಟುವ ಹಾಗಿಲ್ಲ, ಟೈಲ್ಸ್ ಹಾಕುವ ಹಾಗಿಲ್ಲ. ಟೇಬಲ್ಲು, ರ‍್ಯಾಕು, ಪಾರ್ಟಿಷನ್ ಎಲ್ಲಾ ನಟ್ಟು ಬೋಲ್ಟು. ಒಂದು ಭಾನುವಾರ ಮಧ್ಯಾಹ್ನದಲ್ಲಿ ಬಿಚ್ಚಿ ಜೀಪಿಗೆ ತುಂಬುವಂತಿರಬೇಕು. ಮಾಲೀಕರಿಗೆ ಇದನ್ನು ಬಾಯಲ್ಲಿ ಹೇಳಲಿಲ್ಲ, ಒಂದು ಮಳಿಗೆಯನ್ನು ಅವರ ಕಣ್ಣೆದುರೇ ಬಿಚ್ಚಿ ತೋರಿಸಿದೆವು. ಮಾರನೇ ವಾರ ಮೂವರು ಕೀಲಿ ತಂದುಕೊಟ್ಟರು.

ಕರಾರಿನಲ್ಲಿ ಮತ್ತೊಂದು ಕಲಂ ಇದೆ. ಪರವಾನಗಿಯನ್ನು ಸುಮ್ನೆ ಇನ್ನೊಬ್ಬನಿಗೆ ದಾಟಿಸಲು ಬರಲ್ಲ, ಅದೇ ಕಾನೂನಿನ 56ನೇ ಕಲಂ ಓದಿ. ಈ ಕೆಲಸಕ್ಕೆಂದು ನಾವು ನೋಂದಾಯಿಸಿದ ಸಂಘ ಮಾಲೀಕರಿಂದ ಪಡೆದು ಹುಡುಗರಿಗೆ ಕೊಡಬೇಕಲ್ಲ, ಅದಕ್ಕೊಂದು ವಾಕ್ಯ ಬೇಕು. ಆ ವಾಕ್ಯ ನಾನು ಇಲ್ಲಿ ಬರೆಯಲ್ಲ. ವಕೀಲರಿಗೆ ಫೀಸು ಕೊಟ್ಟು ಬರೆಸಿದ್ದು, ನೀವೂ ಕೊಟ್ಟು ಬರೆಸಿಕೊಳ್ಳಿ. ನಿಮ್ಮ ಊರಿನ ಪರಿಸ್ಥಿತಿಗೆ ಹೇಗೂ ಬದಲಾಯಿಸಲೇಬೇಕು.

ಹೆದರಿಕೆ ಹೋದರೂ ಮಾಲೀಕರಿಗೆ ಲಾಭ ಏನು? ಇಲ್ಲಿ ಕರೆಂಟ್ ಬಿಲ್ಲು ಕೆಲಸಕ್ಕೆ ಬಂತು. ಮಳಿಗೆ ಮುಚ್ಚಿದ್ದರೂ ಕಮರ್ಷಿಯಲ್ ಮೀಟರಿಗೆ ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಆಸ್ತಿ ತೆರಿಗೆ ಹೇಗೂ ಬಿಡಲ್ಲ. ಮೇಲಾಗಿ ಕೊಡಗಿನ ಮಳೆಗೆ ಮುಚ್ಚಿದ ಮಳಿಗೆ ಎರಡು ಕಾರ್ಗಾಲ ತಡೆಯಲ್ಲ. ಗೋಡೆ ಬೂಸ್ಟು ಹಿಡಿದು, ಶಟರ್ ತುಕ್ಕು ಹಿಡಿದು, ಮೂರನೇ ವರ್ಷ ಬಾಡಿಗೆಗೆ ಕೊಡಬೇಕೆಂದರೆ ಐವತ್ತು ಅರವತ್ತು ಸಾವಿರ ರಿಪೇರಿ. ನಾವು ಹೇಳಿದ್ದು ಇಷ್ಟೇ: ಕರೆಂಟ್ ಬಿಲ್ಲು ಪೂರ್ತಿ ನಮ್ಮದು, ದಿನಾ ಬಾಗಿಲು ತೆಗೆದು ಗಾಳಿಯಾಡಿಸುವುದು ನಮ್ಮದು, ಸೋರಿದರೆ ಅದೇ ದಿನ ಫೋನ್ ಮಾಡುತ್ತೇವೆ. ಒಬ್ಬ ಹಿರಿಯರು ಲೆಕ್ಕ ಹಾಕಿ ‘ಹಾಗಾದ್ರೆ ನಾನೇ ನಿಮಗೆ ಸಂಬಳ ಕೊಡ್ಬೇಕಲ್ಲ’ ಅಂದರು. ಕೊಡಲಿಲ್ಲ ಬಿಡಿ.

ಕೌನ್ಸಿಲಿನಿಂದ ಬೇಕಾದದ್ದು ದುಡ್ಡಲ್ಲ, ಮೂರು ಠರಾವು, ಅಂದರೆ ಸದಸ್ಯರ ಸಭೆಯ ನಿರ್ಣಯ. ಮೊದಲನೆಯದು, ಹಳೇ ಮಾರ್ಕೆಟ್ ಮೇಲಿನ ಹರಾಜಾಗದೇ ಬಿದ್ದಿದ್ದ ಎರಡು ಕೋಣೆ ಸಂಘಕ್ಕೆ ತಾತ್ಕಾಲಿಕ ಬಳಕೆಗೆ. ಎರಡನೆಯದು, ಉದ್ದಿಮೆ ಪರವಾನಗಿ ಒಬ್ಬೊಬ್ಬ ಹುಡುಗನಿಗೆ ಬೇರೆ ಬೇರೆ ಬೇಡ, ಸಂಘದ ಹೆಸರಿನಲ್ಲಿ ಒಂದು ಕಟ್ಟಡಕ್ಕೆ ಒಂದು. ಮೂರನೆಯದು, ಸಂತೆ ದಿನ ಒಂದು ಕಟ್ಟೆ ಪ್ರಯೋಗಕ್ಕೆ ಮೀಸಲು. ಇದರಲ್ಲಿ ಕಷ್ಟವಾದದ್ದು ಮೂರನೆಯದು. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು. ಅವರು ಸುಮ್ನೆ ಬಿಡುತ್ತಾರಾ? ‘ನಮ್ಮ ಹೊಟ್ಟೆ ಮೇಲೆ ಹೊಡೀತೀರಾ’ ಅಂತ ಎದ್ದು ನಿಂತರು. ಕೊನೆಗೆ ತೀರ್ಮಾನ: ಆ ಕಟ್ಟೆಯಲ್ಲಿ ಸಂತೆಯಲ್ಲಿ ಈಗಾಗಲೇ ಮಾರುವ ಯಾವ ಸಾಮಾನೂ ಮಾರುವಂತಿಲ್ಲ. ನೋಡಿ, ಇದೇ ನಮಗೆ ವರ ಆಯಿತು. ಹೊಸದೇ ತರಬೇಕು ಅನ್ನುವ ನಿಯಮ ತಾನಾಗಿ ಬಂತು. ಇಷ್ಟು ಒಳ್ಳೆ ನಿಯಮ ಯಾವ ಸಲಹೆಗಾರರೂ ಬರೆದುಕೊಡುತ್ತಿರಲಿಲ್ಲ, ತರಕಾರಿ ಮಾರುವ ಒಬ್ಬ ಅಜ್ಜಿ ಹೇಳಿದ್ದು.

ಹೊಲಿಗೆ ಯಂತ್ರದ ವಿಷಯ ಸದಸ್ಯರಿಗೆಲ್ಲಾ ಗೊತ್ತು. ಪರಿಶಿಷ್ಟರಿಗೆ ಮೀಸಲಾದ ಶೇ. 24.10, ಇತರ ಬಡವರಿಗೆ ಮೀಸಲಾದ ಶೇ. 7.25ರ ಹಣದಲ್ಲಿ ಪ್ರತಿ ವರ್ಷ ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಯಂತ್ರ ಮನೆಯ ಮೂಲೆಯಲ್ಲಿ ಟಿವಿ ಸ್ಟ್ಯಾಂಡ್ ಆಗುತ್ತದೆ. ಫಲಾನುಭವಿಗಳ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ‘ಯಂತ್ರ ನಿಮ್ಮದೇ, ಆದರೆ ಇಲ್ಲಿ ತಂದಿಡಿ, ನಾಲ್ಕು ಜನ ಒಟ್ಟಿಗೆ ಕೂತು ಹೊಲಿಯಿರಿ’ ಅಂದೆವು. ಆರು ಯಂತ್ರ ಬಂದವು. ಅವರು ಶುರುಮಾಡಿದ್ದು ರವಿಕೆಯಿಂದ. ಈಗ ಹಳೇ ಜೀಪಿನ ಟಾರ್ಪಾಲಿನಿಂದ ಮಳೆಗಾಲದ ಬ್ಯಾಗು ಮಾಡುತ್ತಾರೆ. ಶಾಲೆ ಮಕ್ಕಳ ಪುಸ್ತಕ ಒದ್ದೆಯಾಗಲ್ಲ. ಒಂದಕ್ಕೆ 350 ರೂಪಾಯಿ, ಮೇ ತಿಂಗಳಲ್ಲಿ ಮಾಡಿದ್ದೆಲ್ಲಾ ಖಾಲಿ. ಟಾರ್ಪಾಲ್ ಹೊಲಿಯುವಾಗ ಸೂಜಿ ಮುರಿಯದಿರಲು ಅವರೊಂದು ಉಪಾಯ ಮಾಡುತ್ತಾರೆ. ನಾನು ಕೇಳಿದೆ, ನನಗೇ ಹೇಳಲಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಮಳೆ ಅಳೆಯುವ ಹುಡುಗರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಅಕ್ಕಪಕ್ಕ ಕೂರಿಸಿದರೆ ಏನಾಗುತ್ತೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ ಇದು. ಒಬ್ಬ ಇಂಜಿನಿಯರಿಂಗ್ ಓದಿದವನು, ಎಲೆಕ್ಟ್ರಾನಿಕ್ಸ್ ಗೊತ್ತು. ಅಂಗಡಿಗಳಲ್ಲಿ ಸಿಗುವ ಮಳೆಮಾಪಕದ ಹಾಗೇ ಒಂದು ಮಾಡಿದ. ಒಳಗೆ ಸಣ್ಣ ತಕ್ಕಡಿ ಬಟ್ಟಲು, 0.2 ಮಿಲಿಮೀಟರ್ ಮಳೆಗೆ ಒಂದು ಸಲ ಮಗುಚುತ್ತದೆ, ಆಯಸ್ಕಾಂತ ಹಾದುಹೋಗುವಾಗ ಒಂದು ಎಣಿಕೆ. ತೋಟಗಳಿಗೆ ತೆಗೆದುಕೊಂಡು ಹೋದ. ಒಬ್ಬರೂ ಕೊಳ್ಳಲಿಲ್ಲ. ಯಾಕೆ? ಪಕ್ಕದ ಟೇಬಲ್ಲಿನಲ್ಲಿ ಮೆಣಸಿನ ಜರಡಿ ಮಾಡುತ್ತಿದ್ದವನ ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದವರು. ಅವರು ಬಂದು ನೋಡಿ ಒಂದೇ ಮಾತು ಹೇಳಿದರು. ‘ಮಿಲಿಮೀಟರ್ ಯಾರಿಗೆ ಬೇಕು? ನಮ್ಮದು ಇಂಚು, ಸೆಂಟು.’

ಕೊಡಗಿನ ಬೆಳೆಗಾರರಿಗೆ ಇದು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ, ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಅಜ್ಜನ ಕಾಲದ ಮಳೆ ಪುಸ್ತಕದಲ್ಲೂ ಇಂಚು, ಸೆಂಟು. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಿತ್ತಾ, ಎಂಬತ್ತು ಸೆಂಟು ಬಿತ್ತಾ ಅನ್ನುವುದರ ಮೇಲೆ ರೊಬಸ್ಟಾ ಕಾಫಿಯವರ ನಿದ್ದೆ ನಿಂತಿದೆ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಅವತ್ತೇ ತೀರ್ಮಾನ ಆಗಬೇಕು. ಆಮೇಲೆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಲೆಕ್ಕ ಬೇರೆ. ಹುಡುಗ ಪರದೆಯ ಮೇಲೆ ಗುಣಾಕಾರ ಹಾಕಿ ಇಂಚು ತೋರಿಸಬಹುದಿತ್ತು. ಹಾಗೆ ಮಾಡಲಿಲ್ಲ, ಬಟ್ಟಲನ್ನೇ ಬದಲಾಯಿಸಿದ. ಒಂದು ಸಲ ಮಗುಚಿದರೆ ಸರಿಯಾಗಿ ಒಂದು ಸೆಂಟು, ಅಂದರೆ 0.254 ಮಿಲಿಮೀಟರ್. ಅವನ ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್. ಹಾಗಾಗಿ ಬಟ್ಟಲು 5 ಮಿಲಿಲೀಟರಿಗಿಂತ ಚೂರು ಜಾಸ್ತಿಗೆ ಮಗುಚಬೇಕು. ಮೆಡಿಕಲ್ ಶಾಪಿನಿಂದ ಸಿರಿಂಜು ತಂದು ಹನಿ ಹನಿ ಬಿಟ್ಟು, ಬಟ್ಟಲ ಕೆಳಗಿನ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ಅಂತ ತಿರುಗಿಸುತ್ತಾ ಕೂರುತ್ತಿದ್ದ. ಟಕ್ ಅಂತ ಮಗುಚಿದಾಗ ಎಲ್ಲಿತ್ತು ಸಿರಿಂಜು ಅಂತ ಪುಸ್ತಕದಲ್ಲಿ ಬರೆಯುವುದು, ಮತ್ತೆ ಶುರು. ಮೆಣಸಿನ ಜರಡಿಯವನು ಬಟ್ಟಲಿನ ತಗಡು ಬಗ್ಗಿಸಿಕೊಟ್ಟ. ಇವತ್ತು ಅವರಿಬ್ಬರೂ ಪಾಲುದಾರರು.

ಮೊದಲ ಕಾರ್ಗಾಲದಲ್ಲಿ ಹಾಕಿದ್ದರಲ್ಲಿ ಅರ್ಧ ಕೆಟ್ಟವು. ಒಳಗೆ ಇರುವೆ ಗೂಡು, ಆಲಿಕೆಗೆ ಸಿಲ್ವರ್ ಓಕ್ ಎಲೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಸಿಮ್ ಹಾಕಿದ್ದೆಲ್ಲಾ ದಂಡ. ಆಮೇಲೆ ಸಿಮ್ ಇಲ್ಲದೆ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಲೋರಾ ರೇಡಿಯೋಗೆ ಹೋದರು. 865ರಿಂದ 868 ಮೆಗಾಹರ್ಟ್ಸ್ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ತರಂಗ, ಬಂಗಲೆ ಮಾಡಿನ ಮೇಲೆ ಒಂದು ಆಂಟೆನಾ ಸಾಕು. ಜುಲೈ ಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ನೀರು ಪಕ್ಕಕ್ಕೆ ಹೋಗಿ ಲೆಕ್ಕ ಕಡಿಮೆ ತೋರಿಸುತ್ತದೆ, ಈ ಜಾತಿಯ ಎಲ್ಲ ಯಂತ್ರಕ್ಕೂ ಇರುವ ರೋಗ ಇದು. ದಿನಕ್ಕೆ ಏಳೆಂಟು ಇಂಚು ಬೀಳುವ ಕಡೆ ಅದು ಸಣ್ಣ ವಿಷಯವಲ್ಲ. ಅದಕ್ಕೆ ಅವರು ಕಂಡುಕೊಂಡ ಮದ್ದು ಅವರ ಹೊಟ್ಟೆಪಾಡು. ನಾನು ಹೇಳಲ್ಲ. ಒಂದಕ್ಕೆ ಆರೂವರೆ ಸಾವಿರ, ಇದುವರೆಗೆ ಅರವತ್ತರ ಮೇಲೆ ಹೋಗಿವೆ. ರೈಟರ್ ಅಪ್ಪ ಈಗಲೂ ಗಾಜಿನ ಅಳತೆಯಲ್ಲಿ ಅಳೆದು ತಾಳೆ ನೋಡುತ್ತಾರೆ, ಎರಡು ಸೆಂಟು ವ್ಯತ್ಯಾಸ ಬಂದರೆ ಅವತ್ತು ಕೆಲಸಕ್ಕೆ ರಜೆ.

ಹುಡುಗನಿಗೆ ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಕೂತಿದ್ದರೆ ಈ ಸೆಂಟಿನ ಮಾತು ಎಲ್ಲಿ ಸಿಗುತ್ತಿತ್ತು? ಅದಕ್ಕೇ ನಾನು ಕೋಣೆ ಹಂಚುವಾಗ ಒಂದೇ ಕೆಲಸದವರನ್ನು ಒಂದೇ ಕಡೆ ಕೂರಿಸಲ್ಲ. ಕಂಪ್ಯೂಟರಿನವನ ಪಕ್ಕ ತಗಡಿನವನು, ತಗಡಿನವನ ಪಕ್ಕ ಹೊಲಿಗೆಯವರು. ಜಗಳ ಆಗುತ್ತೆ, ಧೂಳು, ಸದ್ದು ಅಂತ. ಸದ್ದಿನ ಕೆಲಸಕ್ಕೆ ಬೆಳಿಗ್ಗೆ ಹತ್ತರಿಂದ ಒಂದು, ಮೂರರಿಂದ ಆರು. ಉಳಿದ ಹೊತ್ತು ಸುಮ್ಮನಿರುವ ಕೆಲಸ. ರಾತ್ರಿ ಒಂಬತ್ತಕ್ಕೆ ಮೇನ್ ಸ್ವಿಚ್ ಆಫ್. ಈ ಒಂಬತ್ತು ಗಂಟೆಯ ನಿಯಮ ಇಲ್ಲದಿದ್ದರೆ ಇಸ್ಪೀಟಿನ ಮಾತು ನಿಜವಾಗುತ್ತಿತ್ತೇನೋ.

ನಡುವೆ ಒಂದೆರಡು ಅಡ್ಡ ಪ್ರಯೋಗ. 3ಡಿ ಪ್ರಿಂಟರ್ ತಂದೆವು, 22 ಸಾವಿರ. ಜೂನ್ ಬಂತು, ಪ್ಲಾಸ್ಟಿಕ್ ದಾರ ತೇವ ಕುಡಿದು ಮೂತಿಯಲ್ಲಿ ಚಟಪಟ ಅನ್ನತೊಡಗಿತು. ಪ್ರಿಂಟ್ ಆದದ್ದೆಲ್ಲಾ ಜೇಡರ ಬಲೆ. ಸಿಲಿಕಾ ಜೆಲ್ ಹಾಕಿದೆವು, ಎರಡೇ ದಿನ. ಇದ್ದಿಲು, ಸುಣ್ಣದ ಕಲ್ಲು ಎಲ್ಲಾ ನೋಡಿದೆವು. ಕೊನೆಗೆ ಅಕ್ಕಿ ಡ್ರಮ್ಮಿನೊಳಗೆ 40 ವಾಟಿನ ಹಳೇ ಬಲ್ಬು, ಮುಚ್ಚಳಕ್ಕೆ ಎರಡು ತೂತು. ಒಳಗೆ 45 ಡಿಗ್ರಿ ದಾಟಬಾರದು, 60ರ ಹತ್ತಿರ ಹೋದರೆ ದಾರವೇ ಮೆತ್ತಗಾಗುತ್ತದೆ. ಡ್ರಮ್ಮಿನ ಖರ್ಚು ಇನ್ನೂರು ರೂಪಾಯಿ. ಈಗ ಅದೇ ಡ್ರಮ್ಮಿನಲ್ಲಿ ಕ್ಯಾಮೆರಾದವರು ಲೆನ್ಸ್ ಇಡುತ್ತಾರೆ, ಬೂಸ್ಟು ಹಿಡಿಯಲ್ಲ ಅಂತ.

ಅರೆಭಾಷೆಯ ಹುಡುಗಿಯರಿಗೆ ಸದ್ದಿಲ್ಲದ ಕೋಣೆ ಬೇಕಿತ್ತು. ಕೊಡಗಿನ ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಸದ್ದಿಲ್ಲದ ಕೋಣೆ ಎಲ್ಲಿಂದ ತರುವುದು? ಲಾಡ್ಜಿನ ಕೆಳಮಹಡಿಯ ಹಾಸಿಗೆ ಕೋಣೆಯ ನಾಲ್ಕೂ ಗೋಡೆಗೆ ಹಳೇ ಹಾಸಿಗೆ ಒರಗಿಸಿದೆವು. ಲಾಡ್ಜಿನವರ ಹಾಸಿಗೆ, ಲಾಡ್ಜಿನವರ ಕೋಣೆ, ಖರ್ಚು ಸೊನ್ನೆ. ಮೂಲೆಯಿಂದ ಸ್ವಲ್ಪ ವಾಸನೆ ಬರುತ್ತೆ. ರೆಕಾರ್ಡಿಂಗಿನಲ್ಲಿ ವಾಸನೆ ಕೇಳಿಸಲ್ಲವಲ್ಲ.

ನಡುವೆ ಕೋಝಿಕ್ಕೋಡಿಗೂ ಹೋಗಿ ಬಂದೆ. 2023ರಲ್ಲಿ ಯುನೆಸ್ಕೋದವರು ಅದಕ್ಕೆ ಸಾಹಿತ್ಯದ ನಗರ ಅಂತ ಪಟ್ಟ ಕೊಟ್ಟರು, ಏನು ಮಾಡಿದ್ದಾರೆ ನೋಡೋಣ ಅಂತ. ಹೊಸದಾಗಿ ಕಟ್ಟಿದ್ದು ನೋಡಲು ಹೋದವನಿಗೆ ಕಂಡದ್ದು ಹಳೇ ವಾಚನಾಲಯ, ಪುಸ್ತಕದಂಗಡಿ, ಬೀಚಿನಲ್ಲಿ ಕೂತು ಮಾತಾಡುವ ಜನ. ಪಟ್ಟ ಕೊನೆಗೆ ಬಂದದ್ದು. ನಮ್ಮವರು ಪಟ್ಟದಿಂದ ಶುರುಮಾಡೋಣ ಅನ್ನುತ್ತಾರೆ. ಬಸ್ ಚಾರ್ಜು, ಬಿರಿಯಾನಿ ಸೇರಿ ಸಾವಿರದ ಇನ್ನೂರು ಹೋಯಿತು, ದಂಡ ಅಲ್ಲ.

ಈಗ ದುಡ್ಡು. ನೆನಪಿನಿಂದ ಹೇಳುತ್ತೇನೆ, ಒಂದೆರಡು ಸಾವಿರ ಹೆಚ್ಚುಕಮ್ಮಿ ಇರಬಹುದು. ಶುರುವಿನ ವೈರಿಂಗ್ 65 ಸಾವಿರ, ನಾನೇ ಮಾಡಿದ್ದರಿಂದ ಅಷ್ಟರಲ್ಲಿ ಮುಗಿಯಿತು. ಹೊರಗಿನವರಾದರೆ ಒಂದು ಲಕ್ಷ. ಟೇಬಲ್ಲು, ರ‍್ಯಾಕು 48 ಸಾವಿರ. ಹಳೇ ವೆಲ್ಡಿಂಗ್ ಸೆಟ್ 9 ಸಾವಿರ. ಕೊಯಮತ್ತೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಲೇತ್ 85 ಸಾವಿರ, ಲಾರಿ ಬಾಡಿಗೆ ಬೇರೆ. ಆ ಲೇತಿನ ದುಡ್ಡು ಇನ್ನೂ ಹುಟ್ಟಿಲ್ಲ, ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ವಕೀಲರು, ಸಂಘದ ನೋಂದಣಿ, ಸ್ಟಾಂಪು ಎಲ್ಲಾ ಸೇರಿ 20 ಸಾವಿರ. ಆ ಪ್ರಿಂಟರೂ ಸೇರಿ ಒಟ್ಟು ಎರಡೂವರೆ, ಎರಡೂಮುಕ್ಕಾಲು ಲಕ್ಷ. ಅರ್ಧ ನಾನು ಮತ್ತು ಇನ್ನಿಬ್ಬರು ಹಾಕಿದ್ದು, ಉಳಿದದ್ದು ಬೆಳೆಗಾರರು, ಒಬ್ಬ ಜೀಪಿನವರು, ಒಂದು ಯುವಕ ಸಂಘ. 40 ಲಕ್ಷದ ಕಟ್ಟಡ ನೆನಪಿದೆಯಲ್ಲ? ಹೋಲಿಸಿ ನೋಡಿ.

ತಿಂಗಳಿಗೆ ಬರುವುದು ಹನ್ನೆರಡು ಹದಿಮೂರು ಸಾವಿರ. ಕರೆಂಟು ಮಳಿಗೆಗಳದ್ದೆಲ್ಲಾ ಸೇರಿ ಆರೇಳು ಸಾವಿರ, ಗುಡಿಸುವವರಿಗೆ ಎರಡೂವರೆ, ಇಂಟರ್ನೆಟ್ ಒಂದು ಸಾವಿರ. ಉಳಿದದ್ದು ರಿಪೇರಿಗೆ. ಜುಲೈ, ಆಗಸ್ಟಿನಲ್ಲಿ ಟೇಬಲ್ ಬಾಡಿಗೆ ಬಾಕಿ ಬೀಳುತ್ತದೆ, ಮೆಣಸು ಕೊಯ್ದ ಮೇಲೆ ಕೊಡುತ್ತಾರೆ. ಈ ಜಿಲ್ಲೆಯಲ್ಲಿ ದುಡ್ಡು ಓಡಾಡುವುದೇ ಕೊಯ್ಲಿನ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಲ್ಲ. ನಿಮ್ಮೂರಲ್ಲಿ ಅಡಿಕೆ ಇದ್ದರೆ ಅಡಿಕೆಯ ಪ್ರಕಾರ ವಸೂಲಿ ಇಟ್ಟುಕೊಳ್ಳಿ.

ಎದ್ದು ಹೋಗಿ ಅನ್ನಿಸಿಕೊಂಡದ್ದೂ ಇದೆ. ಪ್ರವಾಸಿಗರು ವಾಪಸ್ಸು ಬಂದ ಮೇಲೆ ಮೂರು ಮಳಿಗೆಗೆ ನಿಜವಾದ ಬಾಡಿಗೆದಾರ ಸಿಕ್ಕರು. ಮಾಲೀಕರು ಫೋನ್ ಮಾಡಿದರು, ಹದಿನೈದು ದಿನದೊಳಗೆ ಬಿಚ್ಚಿಕೊಂಡು ಹೊರಟೆವು. ಹುಡುಗರು ಗೊಣಗಿದರು. ಆದರೆ ಹಾಗೆ ಹೋದದ್ದನ್ನು ಇಡೀ ಬೀದಿ ನೋಡಿತು. ಆಮೇಲೆ ನಾನು ಯಾರ ಮನೆ ಬಾಗಿಲಿಗೂ ಹೋಗಿಲ್ಲ, ಕೀಲಿಗಳೇ ಅಂಗಡಿಗೆ ಬರುತ್ತವೆ. ಆ ಮೂರರಲ್ಲಿ ಒಂದಕ್ಕೆ ಬಾಡಿಗೆದಾರನಾಗಿ ಬಂದದ್ದು ನಮ್ಮಲ್ಲೇ ಒಂದೂವರೆ ವರ್ಷ ಟೇಬಲ್ ಇಟ್ಟುಕೊಂಡಿದ್ದ ಹುಡುಗ, ತಿಂಗಳಿಗೆ ಒಂಬತ್ತು ಸಾವಿರಕ್ಕೆ. ಅಲ್ಲಿಗೆ ಕೌನ್ಸಿಲ್ಲಿನಲ್ಲಿ ಬಾಯಿ ಮುಚ್ಚಿತು.

ಆಡಿಟ್ ಆಕ್ಷೇಪಣೆ ಒಂದು ಇನ್ನೂ ಇದೆ. ಮಾರ್ಕೆಟ್ ಮೇಲಿನ ಕೋಣೆಗಳನ್ನು ಹರಾಜು ಹಾಕದೆ ಕೊಟ್ಟಿದ್ದರಿಂದ ಆದಾಯ ನಷ್ಟ ಅಂತ. ಹಿಂದಿನ ಹರಾಜುಗಳಿಗೆ ಯಾರೂ ಬರದ ನೋಟಿಸು ಪ್ರತಿಗಳು, ಸಂಘ ಕಟ್ಟಿದ ಕರೆಂಟ್ ಬಿಲ್ಲುಗಳು, ಆ ಒಂಬತ್ತು ಸಾವಿರದ ಮಳಿಗೆಯಿಂದ ಬಂದ ಉದ್ದಿಮೆ ಪರವಾನಗಿ ಶುಲ್ಕದ ರಸೀದಿ, ಎಲ್ಲಾ ಜೋಡಿಸಿ ಉತ್ತರ ಕೊಟ್ಟಿದ್ದೇವೆ. ನೀವು ಶುರುಮಾಡುವುದಾದರೆ ಮೊದಲ ದಿನದಿಂದಲೇ ಈ ಕಾಗದಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಮತ್ತೆ, ಮೇ ತಿಂಗಳ ಒಳಗೆ ಮಾಡು ನೋಡಿಕೊಳ್ಳಿ. ಜೂನಿನಲ್ಲಿ ಶೀಟು ಹಾಕುವವರು ಕೈಗೆ ಸಿಗಲ್ಲ.